ಒಂದಕ್ಷರದ ತಪ್ಪು, ಆರು ತಿಂಗಳ ಕೆಲಸ: ಸಿಪಿಎಸ್‌1 ಕೊರತೆಯ ಒಂದು ಪ್ರಕರಣ

2024ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಒಂದು ಗಂಡುಮಗು ಹುಟ್ಟಿತು. ಹುಟ್ಟಿದ ಎರಡು ದಿನಗಳೊಳಗೆ ಮಗು ಮಂಕಾಯಿತು, ಉಸಿರಾಟದಲ್ಲಿ ತೊಂದರೆ ಕಾಣಿಸಿಕೊಂಡಿತು. ನವಜಾತ ಶಿಶುವಿಗೆ ಸೋಂಕು ತಗುಲಿದಾಗಲೂ ಹೆಚ್ಚುಕಡಿಮೆ ಇವೇ ಲಕ್ಷಣಗಳು ಕಾಣುವುದರಿಂದ, ರಕ್ತದಲ್ಲಿರುವ ಅಮೋನಿಯಾವನ್ನೂ ಒಮ್ಮೆ ಅಳೆದು ನೋಡೋಣ ಎಂದು ವೈದ್ಯರಿಗೆ ಹೊಳೆಯದೆ ಹೋದರೆ ಇಂಥ ಮಕ್ಕಳ ಕಾಯಿಲೆ ಏನೆಂಬುದು ತಿಳಿಯುವ ಹೊತ್ತಿಗೆ ಕೈಮೀರಿರುತ್ತದೆ. ಈ ಮಗುವಿನ ವಿಷಯದಲ್ಲಿ ಹಾಗಾಗಲಿಲ್ಲ. ಲೀಟರಿಗೆ 9ರಿಂದ 33 ಮೈಕ್ರೊಮೋಲ್ ಇರಬೇಕಾದ ಅಮೋನಿಯಾ ಸಾವಿರವನ್ನೂ ದಾಟಿತ್ತು. ಕೂಡಲೇ ಡಯಾಲಿಸಿಸ್ ಮಾದರಿಯ ರಕ್ತಶುದ್ಧಿ ಆರಂಭವಾಯಿತು, ಜೀನ್ ಪರೀಕ್ಷೆ ನಡೆಯಿತು, ಕಾರ್ಬಮೋಯ್ಲ್ ಫಾಸ್ಫೇಟ್ ಸಿಂಥಟೇಸ್ 1 ಎಂಬ ಕಿಣ್ವದ ತೀವ್ರ ಕೊರತೆ ಇದೆಯೆಂದು ಖಚಿತವಾಯಿತು. ಸಂಕ್ಷೇಪವಾಗಿ ಇದನ್ನು ಸಿಪಿಎಸ್‌1 ಕೊರತೆ ಎನ್ನುತ್ತಾರೆ. ಸುಮಾರು 13 ಲಕ್ಷ ಜನನಗಳಲ್ಲಿ ಒಂದರಲ್ಲಿ ಕಾಣುವ ಕಾಯಿಲೆಯಿದು.

ಏಳು ತಿಂಗಳು ತುಂಬುವ ಹೊತ್ತಿಗೆ ಈ ಮಗು, ತನ್ನೊಬ್ಬನಿಗಾಗಿಯೇ ಸಿದ್ಧಪಡಿಸಿದ ಜೀನ್ ತಿದ್ದುಪಡಿಯ ಔಷಧವನ್ನು ಪಡೆದ ಮೊದಲ ರೋಗಿಯಾಯಿತು. ಸುದ್ದಿಮಾಧ್ಯಮಗಳಲ್ಲಿ ಇದು ಪವಾಡವೆಂಬಂತೆ ಬಂತು. ಆದರೆ ಔಷಧವನ್ನು ಕೊಟ್ಟ ಆ ಎರಡು ಗಂಟೆಗಳಿಗಿಂತ ಅದರ ಹಿಂದಿನ ವರ್ಷಗಳ ಸಿದ್ಧತೆಯೇ ಇಲ್ಲಿ ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಬರಹದಲ್ಲಿ ಆ ಸಿದ್ಧತೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕಾಯಿಲೆಯ ಸ್ವರೂಪ

ನಾವು ತಿಂದ ಪ್ರೋಟೀನು ಒಡೆದಾಗ ಅದರಲ್ಲಿನ ಸಾರಜನಕದ ಒಂದು ಭಾಗ ಅಮೋನಿಯಾ ಆಗುತ್ತದೆ. ಅಮೋನಿಯಾ ವಿಷ. ಯಕೃತ್ತು ಅದನ್ನು ಆರು ಕಿಣ್ವಗಳ ಸಹಾಯದಿಂದ, ಯೂರಿಯಾ ಚಕ್ರವೆಂಬ ಸರಣಿ ಕ್ರಿಯೆಯ ಮೂಲಕ, ಅಪಾಯವಿಲ್ಲದ ಯೂರಿಯಾ ಆಗಿ ಮಾರ್ಪಡಿಸಿ ಮೂತ್ರದಲ್ಲಿ ಹೊರಹೋಗುವಂತೆ ಮಾಡುತ್ತದೆ. ಅಮೋನಿಯಾವನ್ನು ಈ ಚಕ್ರದೊಳಕ್ಕೆ ಸೇರಿಸುವ ಮೊದಲ ಕೆಲಸ ಸಿಪಿಎಸ್‌1 ಕಿಣ್ವದ್ದು. ಬಾಗಿಲಲ್ಲೇ ತಡೆಯಾದರೆ ಒಳಗಿನ ಉಳಿದ ಕಿಣ್ವಗಳು ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಅಮೋನಿಯಾ ರಕ್ತದಲ್ಲೇ ಉಳಿದು ಮಿದುಳನ್ನು ಸೇರುತ್ತದೆ. ಅಲ್ಲಿ ಆಸ್ಟ್ರೊಸೈಟ್ ಎಂಬ ಕೋಶಗಳು ಅದನ್ನು ಗ್ಲುಟಮಿನ್ ಆಗಿ ಬದಲಿಸಿ ಕೂಡಿಟ್ಟುಕೊಳ್ಳುತ್ತವೆ, ಆ ಗ್ಲುಟಮಿನ್ ನೀರನ್ನು ಸೆಳೆಯುತ್ತದೆ, ಮಿದುಳು ಊದಿಕೊಳ್ಳುತ್ತದೆ. ಬದುಕುಳಿದ ಮಗುವಿನ ಮುಂದಿನ ಬೆಳವಣಿಗೆ ಹೇಗಿರುತ್ತದೆ ಎಂಬುದು ಬಹುಮಟ್ಟಿಗೆ ಈ ಊತ ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ ನಿಂತಿದೆ.

ಇಲ್ಲಿ ಒಂದು ವಿಚಾರವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಮುಂದೆ ಫಲಿತಾಂಶವನ್ನು ಅರ್ಥಮಾಡಿಕೊಳ್ಳಲು ಇದೇ ಬೇಕಾಗುತ್ತದೆ. ಅಮೋನಿಯಾ ಬರುವುದು ಊಟದಿಂದ ಮಾತ್ರವಲ್ಲ. ಮಗುವಿಗೆ ನೆಗಡಿ, ಜ್ವರ, ವಾಂತಿ ಬಂದು ಹಾಲು ಸೇರದೆ ಹೋದಾಗ ದೇಹವು ಶಕ್ತಿಗಾಗಿ ತನ್ನದೇ ಸ್ನಾಯುಗಳ ಪ್ರೋಟೀನನ್ನು ಒಡೆಯತೊಡಗುತ್ತದೆ, ಆಗಲೂ ಅಷ್ಟೇ ಅಮೋನಿಯಾ ಹೊಮ್ಮುತ್ತದೆ. ಬೇರೆ ಮಕ್ಕಳಿಗೆ ಮೂರು ದಿನದಲ್ಲಿ ವಾಸಿಯಾಗುವ ಸಾಮಾನ್ಯ ವೈರಸ್ ಸೋಂಕು ಈ ಮಕ್ಕಳಿಗೆ ಪ್ರಾಣಾಪಾಯ ತರುವುದು ಈ ಕಾರಣದಿಂದ.

ಇದ್ದ ಚಿಕಿತ್ಸೆಗಳೆಲ್ಲವೂ ದಿನ ದೂಡುವ ಉಪಾಯಗಳು. ಗ್ಲಿಸರಾಲ್ ಫೀನೈಲ್‌ಬ್ಯುಟಿರೇಟ್ ಎಂಬ ಔಷಧವು ಗ್ಲುಟಮಿನ್ನಿಗೆ ಅಂಟಿಕೊಂಡು, ಯೂರಿಯಾ ಚಕ್ರದ ಹಂಗಿಲ್ಲದೆ, ಬೇರೊಂದು ದಾರಿಯಿಂದ ಸಾರಜನಕವನ್ನು ಮೂತ್ರಕ್ಕೆ ಸಾಗಿಸುತ್ತದೆ. ಜೊತೆಗೆ ಆಹಾರದಲ್ಲಿ ಪ್ರೋಟೀನನ್ನು ಗ್ರಾಮಿನ ಲೆಕ್ಕದಲ್ಲಿ ಅಳೆದು ಕೊಡಬೇಕು. ಬೆಳೆಯುವ ಮಗುವಿಗೆ ಪ್ರೋಟೀನು ಬೇಕೇ ಬೇಕು. ಕೊಟ್ಟರೆ ಮಿದುಳಿಗೆ ಅಪಾಯ, ಕೊಡದಿದ್ದರೆ ಬೆಳವಣಿಗೆಗೆ ಕೊರತೆ. ಯಕೃತ್ತನ್ನೇ ಬದಲಿಸುವ ಕಸಿ ಶಸ್ತ್ರಚಿಕಿತ್ಸೆ ಈ ಇಕ್ಕಟ್ಟನ್ನು ಬಿಡಿಸಬಲ್ಲದು. ಆದರೆ ಅದಕ್ಕೆ ಮಗು ಒಂದಿಷ್ಟು ಬೆಳೆದಿರಬೇಕು, ಹೊಂದುವ ಅಂಗ ಸಿಗಬೇಕು, ಅಲ್ಲಿಯವರೆಗೆ ಅಮೋನಿಯಾ ಮತ್ತೆ ಏರದಂತೆ ಕಾಯಬೇಕು. ಹುಟ್ಟಿದ ಕೂಡಲೇ ತಲೆದೋರುವ ತೀವ್ರ ಬಗೆಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಶೈಶವದಲ್ಲೇ ತೀರಿಕೊಳ್ಳುತ್ತಾರೆ. ಈ ಮಗುವಿನ ಹೆಸರನ್ನು ಐದನೆಯ ತಿಂಗಳಲ್ಲಿ ಕಸಿಯ ಕಾಯುವ ಪಟ್ಟಿಗೆ ಸೇರಿಸಲಾಗಿತ್ತು.

ತಪ್ಪು ಎಲ್ಲಿತ್ತು

ಸಿಪಿಎಸ್‌1 ಕಿಣ್ವ 1500 ಅಮೈನೊ ಆಮ್ಲಗಳ ಉದ್ದನೆಯ ಸರಪಳಿ. ಮಗುವಿಗೆ ತಂದೆಯಿಂದ ಬಂದ ಪ್ರತಿಯಲ್ಲಿ 335ನೆಯ ಅಮೈನೊ ಆಮ್ಲವನ್ನು ಸೂಚಿಸುವ ಮೂರಕ್ಷರಗಳ ಪೈಕಿ ಮೊದಲನೆಯದು, ಅಂದರೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಜೀನಿನ ಸಂಕೇತದ 1003ನೆಯ ಅಕ್ಷರ, ‘ಸಿ’ ಇರಬೇಕಾದಲ್ಲಿ ‘ಟಿ’ ಆಗಿತ್ತು. ಆ ಒಂದು ಬದಲಾವಣೆಯಿಂದ ಗ್ಲುಟಮಿನ್ ಎಂದು ಓದಿಸಿಕೊಳ್ಳಬೇಕಾದ ಸಂಕೇತ ‘ಇಲ್ಲಿಗೆ ನಿಲ್ಲಿಸು’ ಎಂಬ ಆಜ್ಞೆಯಾಗಿ, ಕಿಣ್ವದ ತಯಾರಿ ನಾಲ್ಕನೆಯ ಒಂದು ಭಾಗವೂ ಆಗುವ ಮೊದಲೇ ನಿಂತುಹೋಗುತ್ತಿತ್ತು. ತಾಯಿಯಿಂದ ಬಂದ ಪ್ರತಿಯಲ್ಲಿ 714ನೆಯ ಸ್ಥಾನದಲ್ಲಿ ಇಂಥದೇ ಇನ್ನೊಂದು ನಿಲುಗಡೆ. ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಸರಿಯಾದ ಪ್ರತಿ ಇದ್ದುದರಿಂದ ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಮಗುವಿನ ಪಾಲಿಗೆ ಎರಡೂ ಕೆಟ್ಟವೇ ಬಂದಿದ್ದವು. ಒಂದನ್ನು ಸರಿಪಡಿಸಿದರೆ ಸಾಕು, ಮಗುವಿನ ಯಕೃತ್ತು ಈ ವಿಷಯದಲ್ಲಿ ತಂದೆ ತಾಯಿಯರ ಯಕೃತ್ತಿನಂತೆ ಆಗಬಹುದು ಎಂಬುದು ಇಡೀ ಯೋಜನೆಯ ತಳಹದಿ.

ತಿದ್ದುವ ಉಪಕರಣ 2017ರಿಂದಲೇ ಇತ್ತು. 2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಎಮ್ಯಾನುಯೆಲ್ ಶಾರ್ಪಾಂಟಿಯೆ ತೋರಿಸಿಕೊಟ್ಟ ಕ್ರಿಸ್ಪರ್ ವಿಧಾನದಲ್ಲಿ ಕ್ಯಾಸ್‌9 ಎಂಬ ಪ್ರೋಟೀನು ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಜೀನನ್ನು ಕೆಡಿಸಬೇಕಾದಾಗ ಈ ಕತ್ತರಿಸುವಿಕೆ ಉಪಯುಕ್ತ, ಆದರೆ ಒಂದಕ್ಷರವನ್ನು ಸರಿಪಡಿಸಬೇಕಾದಾಗ ಅದು ಒರಟು. ಡೇವಿಡ್ ಲಿಯು ಅವರ ಪ್ರಯೋಗಾಲಯ ರೂಪಿಸಿದ ಅಡೆನಿನ್ ಬೇಸ್ ಎಡಿಟರ್ ಎರಡೂ ಎಳೆಗಳನ್ನು ಕತ್ತರಿಸದೆಯೇ, ‘ಎ’ ಅಕ್ಷರವನ್ನು ರಾಸಾಯನಿಕವಾಗಿ ಮಾರ್ಪಡಿಸಿ, ಕೋಶವು ಅದನ್ನು ‘ಜಿ’ ಎಂದು ಓದುವಂತೆ ಮಾಡುತ್ತದೆ. ನಮ್ಮ ಪ್ರಕರಣದಲ್ಲಿ ಕೆಟ್ಟಿರುವುದು ‘ಟಿ’ ಅಲ್ಲವೇ ಎಂದು ಓದುಗರು ಕೇಳಬಹುದು. ಡಿಎನ್‌ಎಯಲ್ಲಿ ‘ಟಿ’ ಎದುರಿಗೆ ಯಾವಾಗಲೂ ‘ಎ’ ಇರುತ್ತದೆ. ಎದುರಿನ ಎಳೆಯ ಆ ‘ಎ’ಯನ್ನು ‘ಜಿ’ ಮಾಡಿದರೆ, ಕೋಶವು ಜೋಡಿಯನ್ನು ಹೊಂದಿಸಿಕೊಳ್ಳುವಾಗ ಈ ಕಡೆಯ ‘ಟಿ’ ತಾನಾಗಿ ‘ಸಿ’ ಆಗುತ್ತದೆ. ಕಳೆದುಹೋಗಿದ್ದ ಅಕ್ಷರ ಅದೇ.

ಸಂಶೋಧಕರ ಹಿನ್ನೆಲೆ

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಿರಣ್ ಮುಸುನೂರು ಮೂಲತಃ ಹೃದ್ರೋಗ ತಜ್ಞರು. ಅವರ ಮೊದಲ ಗುರಿ ಅಪರೂಪದ ಕಾಯಿಲೆಗಳಾಗಿರಲಿಲ್ಲ. ಯಕೃತ್ತಿನಲ್ಲಿರುವ ಪಿಸಿಎಸ್‌ಕೆ9 ಎಂಬ ಜೀನನ್ನು ಸುಮ್ಮನಾಗಿಸಿ ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಶಾಶ್ವತವಾಗಿ ಇಳಿಸುವುದಾಗಿತ್ತು. 2021ರಲ್ಲಿ ಅವರೂ ಸಹೋದ್ಯೋಗಿಗಳೂ ಬೇಸ್ ಎಡಿಟರನ್ನು ಲಿಪಿಡ್ ನ್ಯಾನೊಕಣಗಳಲ್ಲಿ, ಅಂದರೆ ಕೊಬ್ಬಿನ ಅತಿಸೂಕ್ಷ್ಮ ಕಣಗಳಲ್ಲಿ, ತುಂಬಿ ಕೋತಿಗಳ ರಕ್ತನಾಳಕ್ಕೆ ಕೊಟ್ಟು, ಒಂದೇ ಬಾರಿಯ ಚಿಕಿತ್ಸೆಯಿಂದ ಕೊಲೆಸ್ಟರಾಲ್ ಇಳಿದು ಹಾಗೆಯೇ ಉಳಿಯುವುದನ್ನು ತೋರಿಸಿದರು. ಅವರು ಸಹಸ್ಥಾಪಕರಾಗಿದ್ದ ವರ್ವ್ ಥೆರಪ್ಯುಟಿಕ್ಸ್ ಕಂಪನಿ 2022ರಲ್ಲಿ ಇದೇ ಬಗೆಯ ಔಷಧವನ್ನು ಮನುಷ್ಯರಿಗೆ ಮೊದಲ ಬಾರಿ ಕೊಟ್ಟಿತು. ಯಕೃತ್ತಿಗೆ ಬೇಸ್ ಎಡಿಟರನ್ನು ತಲುಪಿಸುವ ದಾರಿ ಅಲ್ಲಿಗೆ ಪಳಗಿದಂತಾಯಿತು.

ಚಯಾಪಚಯದ ಆನುವಂಶಿಕ ಕಾಯಿಲೆಗಳ ಪೈಕಿ ಬಹಳಷ್ಟರ ಮೂಲ ಯಕೃತ್ತಿನ ಒಂದು ಕಿಣ್ವದಲ್ಲಿದೆ ಎಂಬುದು ಇಲ್ಲಿ ಕೂಡಿಬಂದ ಸಂಗತಿ. ಮುಸುನೂರು ಅವರ ಪ್ರಯೋಗಾಲಯ ಫೀನೈಲ್‌ಕೀಟೋನೂರಿಯಾ ಕಾಯಿಲೆಯ ಸಾಮಾನ್ಯ ದೋಷಗಳನ್ನು ಇಲಿಗಳಲ್ಲಿ ಸರಿಪಡಿಸಿ ತೋರಿಸಿತು. ಟೈರೊಸಿನೀಮಿಯಾ ಕಾಯಿಲೆಯಲ್ಲಿ ಇನ್ನೂ ಹುಟ್ಟದ ಇಲಿಮರಿಗಳ ಮೇಲಿನ ಪ್ರಯೋಗದಲ್ಲೂ ಅವರು ಪಾಲುಗೊಂಡಿದ್ದರು, ಅದರ ವರದಿ ಬಂದದ್ದು 2018ರಲ್ಲಿ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಇಂಥ ಕಾಯಿಲೆಗಳ ಮಕ್ಕಳನ್ನೇ ನೋಡಿಕೊಳ್ಳುತ್ತಿದ್ದ ವೈದ್ಯೆ ರೆಬೆಕಾ ಅಹ್ರೆನ್ಸ್-ನಿಕ್ಲಾಸ್ ಅವರೊಂದಿಗೆ, ಒಬ್ಬೊಬ್ಬ ರೋಗಿಗೆ ತಕ್ಕ ತಿದ್ದುಪಡಿಯನ್ನು ಸಿದ್ಧಪಡಿಸುವುದು ಸಾಧ್ಯವೇ ಎಂಬ ಅಧ್ಯಯನವನ್ನು 2023ರಲ್ಲಿ ಆರಂಭಿಸಿದರು. ಯೂರಿಯಾ ಚಕ್ರದ ಕಾಯಿಲೆಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳವಾಗಿದೆ: ಮಕ್ಕಳಿಗೆ ಸಮಯವಿಲ್ಲ, ಮತ್ತು ರಕ್ತದ ಒಂದು ಪರೀಕ್ಷೆಯಿಂದ ಸ್ಥಿತಿ ತಿಳಿಯುತ್ತದೆ.

ಈ ಆಯ್ಕೆಗೆ ಇನ್ನೊಂದು ಭಾರವೂ ಇತ್ತು. 1999ರ ಸೆಪ್ಟೆಂಬರಿನಲ್ಲಿ ಇದೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, ಇದೇ ಯೂರಿಯಾ ಚಕ್ರದ ಎರಡನೆಯ ಕಿಣ್ವವಾದ ಓಟಿಸಿಯ ಕೊರತೆಗಾಗಿ ನಡೆದ ಜೀನ್ ಚಿಕಿತ್ಸೆಯ ಪ್ರಯೋಗದಲ್ಲಿ, ಜೀನನ್ನು ಹೊತ್ತೊಯ್ಯುವ ವಾಹಕವಾಗಿ ಬಳಸಿದ ಅಡೆನೊವೈರಸ್‌ಗೆ ದೇಹ ತೋರಿದ ಉಗ್ರ ಪ್ರತಿಕ್ರಿಯೆಯಿಂದ 18 ವರ್ಷದ ಸ್ವಯಂಸೇವಕನೊಬ್ಬ ತೀರಿಕೊಂಡಿದ್ದ. ಇಡೀ ಕ್ಷೇತ್ರ ಹಲವು ವರ್ಷ ಹಿಂದೆ ಸರಿದದ್ದು ಆ ಸಾವಿನಿಂದ. ಈಗಿನ ಕೆಲಸದಲ್ಲಿ ವಾಹಕವಾಗಿ ವೈರಸ್ ಇಲ್ಲದಿರುವುದು, ಮೊದಲ ಪ್ರಮಾಣವನ್ನು ಬೇಕೆಂದೇ ಚಿಕ್ಕದಾಗಿಟ್ಟದ್ದು ಇವನ್ನೆಲ್ಲ ಆ ಯುವಕನನ್ನು ಮರೆತು ಓದಲು ನನಗೆ ಆಗುವುದಿಲ್ಲ.

ಆರು ತಿಂಗಳು

ಮಗುವಿನ ಜೀನ್ ಪರೀಕ್ಷೆಯ ಫಲಿತಾಂಶ ಬಂದ ಕೂಡಲೇ ಕೆಲಸ ಹಲವು ಕಡೆ ಏಕಕಾಲಕ್ಕೆ ಸಾಗಿತು. ಮಗುವಿನಿಂದ ಯಕೃತ್ತಿನ ತುಣುಕನ್ನು ತೆಗೆಯುವಂತಿರಲಿಲ್ಲವಾದ್ದರಿಂದ, ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶಗಳಲ್ಲಿ ಅದೇ ದೋಷವನ್ನು ಮೊದಲು ಉಂಟುಮಾಡಿ, ಆಮೇಲೆ ಅದನ್ನು ಅತ್ಯುತ್ತಮವಾಗಿ ತಿದ್ದುವ ಎಡಿಟರ್ ಯಾವುದು, ಅದನ್ನು ಸರಿಯಾದ ಜಾಗಕ್ಕೆ ಒಯ್ಯುವ ಗೈಡ್ ಆರ್‌ಎನ್‌ಎ ಯಾವುದು ಎಂದು ಒಂದೊಂದಾಗಿ ಪರೀಕ್ಷಿಸಿದರು. ಇಲ್ಲಿ ಒಂದು ತೊಡಕಿತ್ತು. ಸಾಮಾನ್ಯ ಕ್ಯಾಸ್‌9 ಡಿಎನ್‌ಎಯ ಮೇಲೆ ಎಲ್ಲೆಂದರಲ್ಲಿ ಕೂರುವುದಿಲ್ಲ. ಗುರಿಯ ಪಕ್ಕದಲ್ಲಿ ‘ಜಿಜಿ’ ಎಂಬ ಎರಡಕ್ಷರ ಇದ್ದರೆ ಮಾತ್ರ ಹಿಡಿಯುತ್ತದೆ. ತಿದ್ದಬೇಕಾದ ಜಾಗಕ್ಕೆ ಹೊಂದಿದ್ದು ‘ಜಿಸಿ’ಯನ್ನು ಗುರುತಿಸುವಂತೆ ಮಾರ್ಪಡಿಸಿದ ಕ್ಯಾಸ್‌9. ಅದಕ್ಕೆ ಎಬಿಇ8ಇ ಎಂಬ ಚುರುಕಾದ ಎಡಿಟರನ್ನು, ಅದೂ ಅತ್ತಿತ್ತಲಿನ ಬೇಡದ ತಿದ್ದುಪಡಿ ಕಡಿಮೆಯಾಗಲೆಂದು ಒಂದು ಅಮೈನೊ ಆಮ್ಲವನ್ನು ಬದಲಿಸಿದ ರೂಪದಲ್ಲಿ, ಜೋಡಿಸಲಾಯಿತು.

ಅದೇ ವೇಳೆಗೆ ಮಗುವಿನ ದೋಷವನ್ನೇ ಹೊತ್ತ ಇಲಿಗಳನ್ನು ರೂಪಿಸಿ ತಿದ್ದುಪಡಿ ಯಕೃತ್ತಿನಲ್ಲಿ ನಿಜಕ್ಕೂ ಆಗುತ್ತದೆಯೇ ಎಂದು ನೋಡಿದರು, ಕೋತಿಗಳಲ್ಲಿ ಔಷಧದ ವಿಷಪ್ರಭಾವವನ್ನು ಅಳೆದರು, ಗೈಡ್ ಆರ್‌ಎನ್‌ಎ ಜೀನೋಮಿನ ಬೇರೆಲ್ಲಾದರೂ ತಪ್ಪಾಗಿ ಕೂರಬಹುದೇ ಎಂದು ಮಾನವ ಕೋಶಗಳಲ್ಲಿ ಹುಡುಕಿದರು. ತಯಾರಿಕೆಯ ಕೆಲಸವನ್ನು ಹಂಚಿಕೊಂಡ ಆಕ್ಯುಟಾಸ್, ಆಲ್ಡೆವ್ರಾನ್, ಇಂಟಿಗ್ರೇಟೆಡ್ ಡಿಎನ್‌ಎ ಟೆಕ್ನಾಲಜೀಸ್ ಮೊದಲಾದ ಕಂಪನಿಗಳು ತಮ್ಮ ಪಾಲಿನ ಕೊಡುಗೆಯನ್ನು ವಸ್ತುರೂಪದಲ್ಲೇ ಕೊಟ್ಟವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯಾದ ಎಫ್‌ಡಿಎ, ಏಕರೋಗಿಗೆ ಕೊಡುವ ವಿಶೇಷ ಅನುಮತಿಯ ಅರ್ಜಿಯನ್ನು ಒಂದೇ ವಾರದಲ್ಲಿ ಒಪ್ಪಿತು.

ಔಷಧದೊಳಗೆ ಇದ್ದದ್ದು ಇಷ್ಟು: ಎಡಿಟರನ್ನು ಹೇಗೆ ತಯಾರಿಸಬೇಕೆಂದು ಕೋಶಕ್ಕೆ ತಿಳಿಸುವ ಎಂಆರ್‌ಎನ್‌ಎ, ಎಲ್ಲಿ ತಿದ್ದಬೇಕೆಂದು ತೋರಿಸುವ ಗೈಡ್ ಆರ್‌ಎನ್‌ಎ, ಇವೆರಡನ್ನೂ ಸುತ್ತಿದ ಲಿಪಿಡ್ ನ್ಯಾನೊಕಣ. ರಕ್ತಕ್ಕೆ ಸೇರಿದ ಈ ಕಣಗಳಿಗೆ ಎಪಿಒಇ ಎಂಬ ಪ್ರೋಟೀನು ಅಂಟಿಕೊಳ್ಳುತ್ತದೆ. ಕೊಬ್ಬಿನ ಕಣಗಳೆಂದು ತಿಳಿದು ಯಕೃತ್ತಿನ ಕೋಶಗಳು ಅವನ್ನು ಒಳಗೆಳೆದುಕೊಳ್ಳುತ್ತವೆ. ಎಂಆರ್‌ಎನ್‌ಎ ಕೆಲವು ದಿನಗಳಲ್ಲಿ ಕರಗಿಹೋಗುತ್ತದೆ, ತಿದ್ದುಪಡಿ ಮಾತ್ರ ಉಳಿಯುತ್ತದೆ. ಈ ಮೂರರಲ್ಲಿ ರೋಗಿಯಿಂದ ರೋಗಿಗೆ ಬದಲಾಗಲೇಬೇಕಾದದ್ದು ಗೈಡ್ ಆರ್‌ಎನ್‌ಎಯಲ್ಲಿ ವಿಳಾಸದಂತಿರುವ ಸುಮಾರು 20 ಅಕ್ಷರಗಳು. ಕೆಲವೊಮ್ಮೆ, ಇಲ್ಲಿ ಆದಂತೆ, ಎಡಿಟರಿನ ಬಗೆಯನ್ನೂ ಆರಿಸಬೇಕಾಗುತ್ತದೆ. ಉಳಿದದ್ದೆಲ್ಲ ಹಾಗೆಯೇ ಇರಬಹುದು. ಆರು ತಿಂಗಳಲ್ಲಿ ಈ ಕೆಲಸ ಮುಗಿದದ್ದರ ಗುಟ್ಟು ಇಲ್ಲಿದೆ: ಹೊಸದಾಗಿ ಕಂಡುಹಿಡಿಯಬೇಕಾದದ್ದು ಬಹಳ ಕಡಿಮೆ ಇತ್ತು, ಹೊಸದಾಗಿ ಪರೀಕ್ಷಿಸಬೇಕಾದದ್ದು ಬಹಳ ಇತ್ತು.

ಚಿಕಿತ್ಸೆ ಮತ್ತು ಫಲಿತಾಂಶ

2025ರ ಫೆಬ್ರವರಿ ಕೊನೆಯ ವಾರದಲ್ಲಿ, ಮಗುವಿಗೆ ಏಳು ತಿಂಗಳಾಗುತ್ತ ಬಂದಾಗ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.1 ಮಿಲಿಗ್ರಾಮಿನಂತೆ ಮೊದಲ ಪ್ರಮಾಣವನ್ನು ರಕ್ತನಾಳದ ಮೂಲಕ ಹನಿಹನಿಯಾಗಿ ಕೊಡಲಾಯಿತು. ಮಗು ಅದನ್ನು ತಾಳಿಕೊಂಡಿತು. ಪ್ರೋಟೀನನ್ನು ಹೆಚ್ಚಿಸಲು ಸಾಧ್ಯವಾಯಿತು, ಆದರೆ ಸಾರಜನಕವನ್ನು ಹೊರಹಾಕುವ ಔಷಧವನ್ನು ಇಳಿಸುವಷ್ಟು ಸುಧಾರಣೆ ಆಗಿರಲಿಲ್ಲ. ಮೊದಲನೆಯದಾಗಿ 22 ದಿನಗಳಾದ ಮೇಲೆ 0.3 ಮಿಲಿಗ್ರಾಮಿನ ಎರಡನೆಯ ಪ್ರಮಾಣ, ಏಪ್ರಿಲ್‌ನಲ್ಲಿ ಮೂರನೆಯದು. ಹೀಗೆ ಮತ್ತೆ ಮತ್ತೆ ಕೊಡುವ ಅವಕಾಶ ವೈರಸ್ ವಾಹಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ; ಒಮ್ಮೆ ಕೊಟ್ಟೊಡನೆ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಕಟ್ಟಿಕೊಳ್ಳುತ್ತದೆ. ಸ್ವಲ್ಪ ಕೊಟ್ಟು ನೋಡಿ, ಸಾಲದಿದ್ದರೆ ಇನ್ನಷ್ಟು ಕೊಡುವ ಎಚ್ಚರಿಕೆಯ ನಡೆಗೆ ಲಿಪಿಡ್ ಕಣವೇ ಆಧಾರ.

2025ರ ಮೇ 15ರಂದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ವರದಿಯು ಮೊದಲ ಪ್ರಮಾಣದ ನಂತರದ ಏಳು ವಾರಗಳನ್ನು ವಿವರಿಸುತ್ತದೆ. ಆ ಅವಧಿಯಲ್ಲಿ ಮಗುವಿಗೆ ಹೆಚ್ಚು ಪ್ರೋಟೀನು ಕೊಡಲಾಗಿತ್ತು, ಸಾರಜನಕವನ್ನು ಹೊರಹಾಕುವ ಔಷಧವನ್ನು ಮೊದಲಿನ ಅರ್ಧಕ್ಕೆ ಇಳಿಸಲಾಗಿತ್ತು, ಗಂಭೀರವಾದ ಅಡ್ಡಪರಿಣಾಮ ಯಾವುದೂ ಕಂಡಿರಲಿಲ್ಲ. ನನ್ನ ಗಮನ ಸೆಳೆದದ್ದು ಇವಿಷ್ಟರ ಜೊತೆಗೆ ಬರುವ ಒಂದು ಸಣ್ಣ ಮಾತು: ನಡುವೆ ಮಗುವಿಗೆ ವೈರಸ್ ಸೋಂಕುಗಳೂ ಬಂದಿದ್ದವು. ಜ್ವರ ಬಂದಾಗ ದೇಹ ತನ್ನ ಸ್ನಾಯುವನ್ನೇ ಒಡೆಯುತ್ತದೆ ಎಂದು ಮೇಲೆ ಹೇಳಿದ್ದು ಇದಕ್ಕಾಗಿ. ಮೊದಲಾಗಿದ್ದರೆ ಆ ಒಂದೊಂದು ಸೋಂಕೂ ಅಮೋನಿಯಾ ಏರುವ ತುರ್ತುಸ್ಥಿತಿಯನ್ನು ತರಬಹುದಿತ್ತು. ಬೇಕೆಂದು ಯಾವ ವೈದ್ಯರೂ ಒಡ್ಡಲಾಗದ ಪರೀಕ್ಷೆಯಿದು. ಅದು ತಾನಾಗಿ ಬಂತು, ಮಗು ಅದನ್ನು ದಾಟಿತು.

ಹಾಗೆಂದು ಸಾಕ್ಷ್ಯ ಇರುವುದಕ್ಕಿಂತ ದೊಡ್ಡದೆಂದು ಹೇಳಬಾರದು. ಯಕೃತ್ತಿನ ಎಷ್ಟು ಕೋಶಗಳು ತಿದ್ದುಪಡಿಯಾದವು ಎಂಬುದನ್ನು ಯಾರೂ ನೇರವಾಗಿ ಅಳೆದಿಲ್ಲ. ಇಷ್ಟು ಚಿಕ್ಕ ಮಗುವಿನ ಯಕೃತ್ತಿಗೆ ಸೂಜಿ ಹಾಕಿ ತುಣುಕು ತೆಗೆಯುವುದು ಅಪಾಯಕರವೆಂದು ವೈದ್ಯರು ಅದನ್ನು ಕೈಬಿಟ್ಟರು. ನನಗೆ ಅದು ಸರಿಯಾದ ನಿರ್ಧಾರವೆಂದೇ ತೋರುತ್ತದೆ, ಆದರೆ ಅದರ ಬೆಲೆಯೆಂದರೆ ಎಲ್ಲ ತೀರ್ಮಾನಗಳೂ ಪರೋಕ್ಷವಾಗಿ, ಊಟ, ಔಷಧ ಮತ್ತು ಅಮೋನಿಯಾದ ಅಂಕಿಗಳಿಂದ ಬಂದವು. ಹೋಲಿಸಿ ನೋಡಲು ಚಿಕಿತ್ಸೆಯಿಲ್ಲದ ಇನ್ನೊಂದು ಮಗು ಇಲ್ಲ. ತಾಯಿಯಿಂದ ಬಂದ ಪ್ರತಿ ಹಾಗೆಯೇ ಕೆಟ್ಟಿದೆ. ತಿದ್ದುಪಡಿಯ ಗುರಿ ಯಕೃತ್ತೇ ಹೊರತು ವೀರ್ಯಾಣುಗಳಲ್ಲವಾದ್ದರಿಂದ, ಈ ಹುಡುಗ ಮುಂದೆ ತಂದೆಯಾದಾಗ ಮಕ್ಕಳಿಗೆ ದಾಟಿಸುವುದು ಹಳೆಯ, ತಿದ್ದದ ಪ್ರತಿಯನ್ನೇ. ‘ಗುಣವಾಯಿತು’ ಎಂಬ ಪದವನ್ನು ಮುಸುನೂರು, ಅಹ್ರೆನ್ಸ್-ನಿಕ್ಲಾಸ್ ಇಬ್ಬರೂ ಬಳಸಲು ಹಿಂಜರಿದದ್ದು ಸರಿಯಾಗಿಯೇ ಇದೆ. ತೀವ್ರವಾದ ಕಾಯಿಲೆ ಸೌಮ್ಯವಾಗಿದೆ ಎನ್ನುವವರೆಗೆ ಸಾಕ್ಷ್ಯ ನಮ್ಮನ್ನು ಒಯ್ಯುತ್ತದೆ. ಮಗುವಿನ ತಂದೆ ತಾಯಿಗೆ ಅದು ಸಣ್ಣ ವಿಷಯವಲ್ಲ.

ಮುಂದಿನ ಮಗು

ಒಬ್ಬ ರೋಗಿಗೆ ಇಷ್ಟು ಖರ್ಚೇ ಎಂಬ ಪ್ರಶ್ನೆ ಸಹಜ. ಅಮೆರಿಕದಲ್ಲಿ ಒಂದು ಯಕೃತ್ ಕಸಿಗೂ ಅದರ ಆರೈಕೆಗೂ ತಗಲುವ ಸುಮಾರು 8 ಲಕ್ಷ ಡಾಲರಿಗಿಂತ ಇದು ಬಹಳ ದೂರವಿಲ್ಲವೆಂದು ಮುಸುನೂರು ಹೇಳಿದ್ದಾರೆ. ನಿಜವಾದ ತೊಡಕು ಹಣಕ್ಕಿಂತ ನಿಯಮದಲ್ಲಿದೆ. ಸಿಪಿಎಸ್‌1 ಕೊರತೆಯ ಇನ್ನೊಂದು ಮಗುವಿನಲ್ಲಿ ತಪ್ಪು 335ನೆಯ ಸ್ಥಾನದಲ್ಲಿರದೆ ಬೇರೆಲ್ಲೋ ಇರುತ್ತದೆ, ಈ ಔಷಧ ಆ ಮಗುವಿಗೆ ಬರುವುದಿಲ್ಲ. ಆಗ ಬದಲಾಗುವ 20 ಅಕ್ಷರಗಳನ್ನು ಹೊಸ ಔಷಧವೆಂದು ಎಣಿಸಿ, ಇಲಿ, ಕೋತಿ ಎಲ್ಲವನ್ನೂ ಮೊದಲಿನಿಂದ ಮಾಡಿಸುವುದೋ, ಅಥವಾ ಒಂದೇ ಔಷಧದ ಇನ್ನೊಂದು ವಿಳಾಸವೆಂದು ಪರಿಗಣಿಸಿ ಹಿಂದಿನ ಸುರಕ್ಷತೆಯ ಮಾಹಿತಿಯನ್ನು ಮುಂದಕ್ಕೆ ಒಯ್ಯಲು ಬಿಡುವುದೋ? ಎರಡನೆಯದಕ್ಕೆ ನನ್ನ ಒಲವು, ಒಂದು ಷರತ್ತಿನೊಂದಿಗೆ: ಗುರಿ ತಪ್ಪಿದ ತಿದ್ದುಪಡಿ ಎಲ್ಲಿ ಆಗಬಹುದು ಎಂಬುದು ಆ 20 ಅಕ್ಷರಗಳನ್ನೇ ಅವಲಂಬಿಸಿರುವುದರಿಂದ ಆ ಒಂದು ಹುಡುಕಾಟವನ್ನು ಪ್ರತಿ ಮಗುವಿಗೂ ಹೊಸದಾಗಿಯೇ ಮಾಡಬೇಕು. ಯೂರಿಯಾ ಚಕ್ರದ ಹಲವು ಜೀನ್‌ಗಳ ರೋಗಿಗಳನ್ನು ಒಂದೇ ಪ್ರಯೋಗದ ಅಡಿ ತರುವ ಯೋಜನೆಯನ್ನು ಈ ತಂಡ ಮುಂದಿಟ್ಟಿದೆ. 2025ರ ನವೆಂಬರಿನಲ್ಲಿ ಎಫ್‌ಡಿಎ ಮುಖ್ಯಸ್ಥರೂ ಇಂಥ ಅತ್ಯಪರೂಪದ ಕಾಯಿಲೆಗಳಿಗೆ ಪ್ರತ್ಯೇಕ ಅನುಮೋದನೆಯ ದಾರಿಯೊಂದನ್ನು ವಿವರಿಸಿದರು.

ಎಲ್ಲ ಮಕ್ಕಳೂ ಈ ದಾರಿಯಲ್ಲಿ ಬರಲಾರರು. ಜೀನಿನ ದೊಡ್ಡ ತುಂಡೇ ಕಳೆದುಹೋಗಿದ್ದರೆ ಬೇಸ್ ಎಡಿಟರಿಗೆ ತಿದ್ದಲು ಅಕ್ಷರವೇ ಇರುವುದಿಲ್ಲ. ಕಾಯಿಲೆಯ ಮೂಲ ಮಿದುಳಿನಲ್ಲೋ ಸ್ನಾಯುವಿನಲ್ಲೋ ಇದ್ದರೆ ಯಕೃತ್ತಿಗೆ ಹೋಗುವ ಕಣ ಅಲ್ಲಿಗೆ ತಲುಪುವುದಿಲ್ಲ.

ಮಗು 307 ದಿನಗಳನ್ನು ಆಸ್ಪತ್ರೆಯಲ್ಲಿ ಕಳೆದು 2025ರ ಜೂನ್ 3ರಂದು ಮನೆಗೆ ಹೋಯಿತು. ಸಾರಜನಕವನ್ನು ಹೊರಹಾಕುವ ಔಷಧ ಆಗಲೂ ಪೂರ್ತಿ ನಿಂತಿರಲಿಲ್ಲ, ಜ್ವರ ಬಂದರೆ ಅಮೋನಿಯಾ ನೋಡಿಸಲೇಬೇಕಿತ್ತು. ಜೀನ್ ತಿದ್ದುಪಡಿಯ ಚಿಕಿತ್ಸೆ ಪಡೆದವರನ್ನು 15 ವರ್ಷಗಳವರೆಗೆ ಗಮನಿಸಬೇಕೆಂದು ಎಫ್‌ಡಿಎ ಸೂಚಿಸುತ್ತದೆ. ಆ ಲೆಕ್ಕದಂತೆ ಈ ಹುಡುಗನ ಕಡತ ಮುಚ್ಚುವುದು 2040ರಲ್ಲಿ, ಅವನು ಪ್ರೌಢಶಾಲೆಯಲ್ಲಿ ಓದುತ್ತಿರುವಾಗ.